ಪ್ಯಾಕಿಂಗ್ ಹಾಲ್‌ನ ಹಿಂದಿನ ಬಾಗಿಲು ಮತ್ತು ವರ್ಷದ ಶ್ರೇಷ್ಠ ಇಮೇಲ್

ಇಂದು ಮಧ್ಯಾಹ್ನ ಊಟದ ಬಿಡುವಿನ ಹೊತ್ತಿಗೆ ನಾವೆಲ್ಲ ಸೇರಿರುವ ಈ ಹಾಲ್‌ನ ಹಿಂದಿನ ಬಾಗಿಲಿಗೆ ಬೀಗ ಹಾಕಿಯೇ ಇತ್ತು. ಈ ಸುದ್ದಿ ತಿಳಿಸಿದವರು ಇದೇ ಹಾಲ್‌ನಲ್ಲಿ ಪ್ಯಾಕಿಂಗ್ ಕೆಲಸ ಮಾಡುವ ನನ್ನ ಹೆಂಡತಿ. ಅವರು ಈಗ ನಾಲ್ಕನೇ ಸಾಲಿನಲ್ಲಿ ಕೈಕಟ್ಟಿ ಕೂತಿದ್ದಾರೆ.

ವೇದಿಕೆಯ ಮೇಲಿರುವವರಿಗೆ ವಂದಿಸುವ ಮೊದಲೇ ಸುದ್ದಿ ಹೇಳಿಬಿಟ್ಟೆ, ಮನ್ನಿಸಬೇಕು. ಈ ವಾರ್ಷಿಕೋತ್ಸವದ ಅಧ್ಯಕ್ಷತೆ ವಹಿಸಿರುವ ನಮ್ಮ ವ್ಯವಸ್ಥಾಪಕ ನಿರ್ದೇಶಕರೇ, ನಮಗೆಲ್ಲ ಇಮೇಲ್ ಬರೆಯುವುದನ್ನು ಕಲಿಸಿ, ಇಂದು ಮುಖ್ಯ ಅತಿಥಿಗಳಾಗಿ ಮರಳಿ ಬಂದಿರುವ ತರಬೇತುದಾರರೇ, ಆಡಳಿತಾಧಿಕಾರಿಗಳೇ, ಸಿಬ್ಬಂದಿ ವಿಭಾಗದ ಮೇಡಂ ಅವರೇ, ಉಗ್ರಾಣದ ಮುಖ್ಯಸ್ಥರೇ, ಭದ್ರತಾ ಮುಖ್ಯಸ್ಥರೇ, ಮತ್ತು ಇವರಿಗೆ ಹೋಗುವ ಪ್ರತಿಯೊಂದು ಪತ್ರದಲ್ಲೂ ಸಿಸಿಯಲ್ಲಿದ್ದು, ಎಲ್ಲವನ್ನೂ ಓದಿ, ಏನನ್ನೂ ಹೇಳದೆ ಕೂತಿರುವ ನನ್ನ ಪ್ರೀತಿಯ ಸಭಿಕರೇ.

ಹಾಸಿಗೆ, ದಿಂಬು ತಯಾರಿಸುವ ನಮ್ಮ ಈ ಕಾರ್ಖಾನೆಯಲ್ಲಿ ಇಷ್ಟು ವರ್ಷ ಬಹುಮಾನಗಳಿದ್ದದ್ದು ಹೆಚ್ಚು ಹೊಲಿದವರಿಗೆ, ರಜೆ ಹಾಕದವರಿಗೆ, ಹಗ್ಗ ಜಗ್ಗಿದವರಿಗೆ. ಈ ವರ್ಷ ಮೊದಲ ಬಾರಿಗೆ ‘ವರ್ಷದ ಶ್ರೇಷ್ಠ ಇಮೇಲ್’ ಎಂಬ ಬಹುಮಾನ ಸ್ಥಾಪಿಸಲಾಗಿದೆ. ರವಾನೆ ವಿಭಾಗದ ಗುಮಾಸ್ತನಾದ ನನಗೆ ಅದು ಸಿಕ್ಕಿದೆ. ಇದೋ ಫಲಕ. ಗಾಜಿನದು, ಭಾರವಾಗಿದೆ. ಇದರ ಜೊತೆಗೆ ‘ಪರಿಣಾಮಕಾರಿ ಇಮೇಲ್ ಬರೆಯುವುದು ಹೇಗೆ’ ಎಂಬ ವಿಷಯದ ಮೇಲೆ ನಾಲ್ಕು ಮಾತು ಆಡಬೇಕೆಂದು ಸಿಬ್ಬಂದಿ ವಿಭಾಗದಿಂದ ಆಜ್ಞೆಯಾಗಿದೆ. ಆಜ್ಞೆ ಇಮೇಲ್‌ನಲ್ಲೇ ಬಂದಿತ್ತು. ಬಹಳ ಪರಿಣಾಮಕಾರಿಯಾಗಿತ್ತು. ನೋಡಿ, ಬಂದು ನಿಂತಿದ್ದೇನೆ.

ಪರಿಣಾಮಕಾರಿ ಎಂದರೇನು? ಬರೆದದ್ದರಿಂದ ಏನಾದರೂ ಆಗಬೇಕು. ನನ್ನ ಇಮೇಲ್‌ನಿಂದ ಏನೇನಾಯಿತು? ಒಂದು ತರಬೇತಿ ಶಿಬಿರ ಆಯಿತು. ಫೋಟೋದ ಹಾಗೆ ಕಟ್ಟು ಹಾಕಿಸಿದ ಒಂದು ಪ್ರತಿ ಆಯಿತು. ಒಂದು ಗಾಜಿನ ಫಲಕ ಆಯಿತು. ಈ ಭಾಷಣ ಆಗುತ್ತಿದೆ. ಇಷ್ಟೊಂದು ಪರಿಣಾಮ ನಮ್ಮ ಕಾರ್ಖಾನೆಯಲ್ಲಿ ಇನ್ಯಾರ ಬರಹಕ್ಕೆ ಸಿಕ್ಕಿದೆ? ಒಂದು ಬೀಗದ ಮೇಲೆ ಮಾತ್ರ ಪರಿಣಾಮ ಆಗಲಿಲ್ಲ. ಬೀಗಕ್ಕೆ ಓದಲು ಬರುವುದಿಲ್ಲ, ಅದನ್ನು ದೂರುವಂತಿಲ್ಲ.

ಹೊರಗಿನಿಂದ ಬಂದ ಅತಿಥಿಗಳ ಸಲುವಾಗಿ ಹಿನ್ನೆಲೆ ಹೇಳುತ್ತೇನೆ. ನಾವು ಕೂತಿರುವ ಈ ಜಾಗ ಸಭಾಂಗಣವಲ್ಲ, ಪ್ಯಾಕಿಂಗ್ ಹಾಲ್. ಉಳಿದ ದಿನಗಳಲ್ಲಿ ನಿಮ್ಮ ಕುರ್ಚಿಗಳಿರುವ ಕಡೆ ಮೇಜುಗಳಿರುತ್ತವೆ, ಮೇಜುಗಳ ನಡುವೆ ಫೋಮ್ ಹಾಳೆಗಳ ಸುರುಳಿಗಳಿರುತ್ತವೆ, ಗೋಡೆಯುದ್ದಕ್ಕೂ ಪ್ಲಾಸ್ಟಿಕ್ ಚೀಲಗಳ ಕಟ್ಟುಗಳಿರುತ್ತವೆ. ಬೆಂಕಿಗೆ ಇಷ್ಟವಾಗುವ ಸಾಮಾನನ್ನೆಲ್ಲ ಹುಡುಕಿ ಹುಡುಕಿ ಒಂದೇ ಕಡೆ ಇಟ್ಟ ಹಾಗಿರುತ್ತದೆ. ಈ ಹಾಲಿಗೆ ಬಾಗಿಲು ಎರಡು. ಒಂದು, ನೀವೆಲ್ಲ ಒಳಗೆ ಬಂದದ್ದು. ಅದು ಒಳಮುಖವಾಗಿ ತೆರೆದುಕೊಳ್ಳುತ್ತದೆ. ಇನ್ನೊಂದು ನನ್ನ ಬೆನ್ನ ಹಿಂದೆ, ಈ ನೀಲಿ ಪರದೆಯ ಆಚೆ ಇದೆ. ಕೆಲವು ವರ್ಷಗಳ ಹಿಂದೆ ದಿಂಬುಗಳ ಲೆಕ್ಕ ತಪ್ಪತೊಡಗಿತು. ದಿಂಬಿಗೆ ಕಾಲಿಲ್ಲ, ಯಾರೋ ಹೊತ್ತುಕೊಂಡು ಹೋಗುತ್ತಿರಬೇಕು ಎಂದು ಭದ್ರತಾ ಮುಖ್ಯಸ್ಥರು ಸರಿಯಾಗಿಯೇ ಊಹಿಸಿ ಆ ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿಸಿದರು. ಆಮೇಲೂ ದಿಂಬುಗಳು ಕಡಿಮೆಯಾಗುತ್ತಲೇ ಇದ್ದವು. ಆದರೆ ಹಿಂದಿನ ಬಾಗಿಲಿನಿಂದ ಹೋಗುತ್ತಿಲ್ಲ ಎಂಬ ಸಮಾಧಾನವಾದರೂ ಸಿಕ್ಕಿತು.

ಒಂದು ಬೆಳಿಗ್ಗೆ, ಪ್ಲಾಸ್ಟಿಕ್ ಚೀಲದ ಬಾಯಿಗೆ ಬಿಸಿ ಒತ್ತಿ ಮುಚ್ಚುವ ಯಂತ್ರದ ವೈರು ಸುಟ್ಟಿತು. ಹಾಲಿನ ತುಂಬ ಹೊಗೆ ಎದ್ದಿತು. ಬೆಂಕಿ ಹತ್ತುವ ಮೊದಲೇ ಎಲೆಕ್ಟ್ರಿಷಿಯನ್ ಓಡಿ ಬಂದು ಮೇನ್ ಸ್ವಿಚ್ ಆರಿಸಿದ. ಆದರೆ ಅಷ್ಟರಲ್ಲಿ ಹೆಂಗಸರೆಲ್ಲ ಒಂದೇ ಬಾಗಿಲಿಗೆ ನುಗ್ಗಿದ್ದರು. ಒಳಮುಖವಾಗಿ ತೆರೆಯುವ ಬಾಗಿಲಿಗೆ ಒಳಗಿನಿಂದ ಜನ ಒತ್ತಿದರೆ ಅದು ತೆರೆಯುವುದಿಲ್ಲ, ಇನ್ನಷ್ಟು ಮುಚ್ಚಿಕೊಳ್ಳುತ್ತದೆ. ಹೊರಗಿದ್ದವರು ದೂಡಿ ದೂಡಿ ತೆರೆಸಿದರು. ನಾವೆಲ್ಲ ಟೇಪ್ ಅಕ್ಕ ಎಂದು ಕರೆಯುವ, ಪೆಟ್ಟಿಗೆಗಳಿಗೆ ಟೇಪು ಸುತ್ತುವ ಅಕ್ಕನ ಕೈಗೆ ಪೆಟ್ಟಾಯಿತು. ಕಂಪನಿಯ ದಾಖಲೆಯಲ್ಲಿ ಈ ಘಟನೆಗೆ ‘ಅಲ್ಪ ಪ್ರಮಾಣದ ಹೊಗೆ’ ಎಂದು ಹೆಸರಿದೆ.

ಅದೇ ದಿನ ನಾನು ಬರೆದೆ. ನನ್ನ ಮೊದಲ ಇಮೇಲ್ ಹೀಗಿತ್ತು: “ಪ್ಯಾಕಿಂಗ್ ಹಾಲಿನ ಹಿಂದಿನ ಬಾಗಿಲ ಬೀಗ ಇವತ್ತೇ ತೆಗೆಸಿ. ಮುಂದಿನ ಸಲ ಬೆಂಕಿ ಹತ್ತಿದರೆ ಒಳಗಿರುವವರು ಸಾಯುತ್ತಾರೆ.” ಇಷ್ಟೇ. ತರಬೇತಿ ಇಲ್ಲದ ಮನುಷ್ಯ, ಹೀಗೆ ಬರೆದುಬಿಟ್ಟಿದ್ದೆ.

ಅಂದು ಸಂಜೆಯೇ ಮೇಡಂ ನನ್ನನ್ನು ಗಾಜಿನ ಕೋಣೆಗೆ ಕರೆದರು. ಕೂರಿಸಿದರು, ನೀರು ಕೊಟ್ಟರು. ನಾನು ಬಾಗಿಲಿನ ವಿಷಯವೇ ಇರಬೇಕು ಅಂದುಕೊಂಡೆ.

“ನೀವು ಸೀನಿಯರ್. ನಿಮ್ಮಿಂದ ಇಂಥ ಮೇಲ್ ನಾವು ನಿರೀಕ್ಷೆ ಮಾಡಿರಲಿಲ್ಲ” ಅಂದರು.

“ಯಾಕೆ ಮೇಡಂ, ತಪ್ಪು ಬರೆದಿದ್ದೀನಾ?”

“ತಪ್ಪಲ್ಲ. ಆದ್ರೆ ಸ್ವರ ಜಾಸ್ತಿ ಆಯ್ತು. ಸಾಯ್ತಾರೆ ಅಂತೆಲ್ಲ ಬರೆದ್ರೆ ಓದೋರಿಗೆ ಹೇಗನ್ನಿಸ್ಬೇಕು, ಹೇಳಿ?”

“ಭಯ ಆಗ್ಬೇಕು ಮೇಡಂ.”

“ಅದೇ ಬೇಡ ಅನ್ನೋದು. ಅನನುಕೂಲ ಆಗ್ಬಹುದು ಅಂತ ಬರೀರಿ. ಅರ್ಥ ಒಂದೇ.”

ಸಭಿಕರೇ, ಅಂದಿನಿಂದ ನಾನು ಈ ಎರಡು ಪದಗಳ ಅರ್ಥ ಒಂದೇ ಎಂದು ನಂಬಿ ನಡೆಯುತ್ತಿದ್ದೇನೆ. ಕಳೆದ ತಿಂಗಳು ನಮ್ಮ ದೊಡ್ಡಪ್ಪನಿಗೆ ಶಾಶ್ವತವಾಗಿ ಅನನುಕೂಲವಾಯಿತು. ಅವರ ಮಕ್ಕಳಿಗೆ ಹಾಗೆಯೇ ಸಂತಾಪ ಬರೆದೆ. ಯಾಕೋ ಏನೋ ಅವರು ಈಗ ನನ್ನ ಜೊತೆ ಮಾತಾಡುತ್ತಿಲ್ಲ.

ತಿದ್ದಿದ ಪ್ರತಿಯನ್ನು ಕಳಿಸಿದೆ. ಆಗ ನನಗೆ ಒಂದು ಸಂಗತಿ ತಿಳಿಯಿತು. ಆ ಬೀಗದ ಕೀಲಿ ಇರುವುದು ಉಗ್ರಾಣದಲ್ಲಿ, ತೆಗೆಯಲು ಅನುಮತಿ ಕೊಡಬೇಕಾದದ್ದು ಆಡಳಿತ ವಿಭಾಗ, ತೆಗೆದ ಮೇಲೆ ದಿಂಬಿಗೆ ಜವಾಬ್ದಾರಿ ಭದ್ರತಾ ವಿಭಾಗ. ಮೂವರಿಗೂ ಬರೆದೆ. ಆಡಳಿತಾಧಿಕಾರಿಗಳು “ಗಮನಿಸಲಾಗಿದೆ” ಎಂದು ಉತ್ತರಿಸಿದರು. ನಮ್ಮಲ್ಲಿ ಒಂದು ಪದ್ಧತಿ ಇದೆ, ಅತಿಥಿಗಳಿಗೆ ಗೊತ್ತಿರಲಿಕ್ಕಿಲ್ಲ. ಯಾವುದೇ ಪತ್ರಕ್ಕೆ “ಗಮನಿಸಲಾಗಿದೆ” ಎಂಬ ಉತ್ತರ ಹೋದರೆ ಕಂಪ್ಯೂಟರಿನಲ್ಲಿ ಅದರ ಮುಂದೆ ಹಸಿರು ಗುರುತು ಬೀಳುತ್ತದೆ, ವಿಷಯ ಮುಗಿದಂತೆ ಲೆಕ್ಕ. ಹೀಗಾಗಿ ನಮ್ಮ ಕಾರ್ಖಾನೆಯಲ್ಲಿ ಬಗೆಹರಿಯದ ಸಮಸ್ಯೆ ಒಂದೂ ಇಲ್ಲ. ಎಲ್ಲವೂ ಹಸಿರಾಗಿವೆ. ನಮ್ಮ ಶೌಚಾಲಯದ ಮುರಿದ ಚಿಲಕ ನಾನು ಕೆಲಸಕ್ಕೆ ಸೇರಿದಾಗಿನಿಂದ ಹಸಿರಾಗಿಯೇ ಇದೆ.

ಉಗ್ರಾಣದ ಮುಖ್ಯಸ್ಥರಿಂದ ತಕ್ಷಣ ಉತ್ತರ ಬಂತು: “ನಾನು ರಜೆಯಲ್ಲಿದ್ದೇನೆ. ತುರ್ತು ವಿಷಯಗಳಿಗೆ ನನ್ನನ್ನು ಸಂಪರ್ಕಿಸಿ.” ಅವರ ಮೇಜು ನನ್ನ ಮೇಜಿನಿಂದ ಕೈಯಳತೆಯಲ್ಲಿದೆ. ತಲೆ ಎತ್ತಿ ನೋಡಿದೆ, ಕಡಲೆಕಾಯಿ ಬಿಡಿಸಿಕೊಂಡು ಕೂತಿದ್ದರು.

“ಸಾರ್, ಇಲ್ಲೇ ಇದ್ದೀರಲ್ಲ.”

“ನಾನು ಇದ್ದೀನಿ ಕಣ್ರೀ. ನನ್ನ ಇಮೇಲು ರಜೆ ಮೇಲೆ ಹೋಗಿದೆ. ಹೋದ ವರ್ಷ ಹಾಕಿದ್ದು, ತೆಗೆಯೋದು ಹೇಗೆ ಅಂತ ಗೊತ್ತಾಗ್ಲಿಲ್ಲ.”

“ಹಾಗಾದ್ರೆ ಬಾಯಲ್ಲೇ ಕೇಳ್ತೀನಿ. ಆ ಕೀಲಿ ಕೊಡಿ ಸಾರ್.”

“ಬಾಯಲ್ಲಿ ಕೇಳಿದ್ರೆ ಹೇಗ್ರೀ ಕೊಡೋದು? ಬರೆದು ಕಳ್ಸಿ.”

ಬರೆದು ಕಳಿಸಿದೆ. ಅವರು ರಜೆಯಲ್ಲಿದ್ದಾರೆ ಎಂದು ಉತ್ತರ ಬಂತು. ಕಡಲೆಕಾಯಿ ಮಾತ್ರ ನನಗೂ ನಾಲ್ಕು ಕೊಟ್ಟರು. ಸ್ವಭಾವದಲ್ಲಿ ಒಳ್ಳೆಯವರು. ನಗುತ್ತಿದ್ದಾರೆ ನೋಡಿ.

ಇಷ್ಟಾದ ಮೇಲೆ ಒಬ್ಬ ಸಾಮಾನ್ಯ ಮನುಷ್ಯ ಏನು ಮಾಡುತ್ತಿದ್ದ? ಕೈಬಿಡುತ್ತಿದ್ದ, ಅಥವಾ ಕೂಗಾಡುತ್ತಿದ್ದ. ನಾನು ಎರಡನ್ನೂ ಮಾಡಲಿಲ್ಲ. ಭಾಷೆಯನ್ನು ಸುಧಾರಿಸಿಕೊಂಡೆ. ‘ಬೀಗ’ ಎಂಬುದು ಒರಟಾಗಿ ಕೇಳಿಸಿತು, ತೆಗೆದುಹಾಕಿದೆ. ‘ಇವತ್ತೇ’ ಎಂಬಲ್ಲಿ ‘ತಮಗೆ ಅನುಕೂಲವಾದ ಸಮಯದಲ್ಲಿ’ ಎಂದು ಬರೆದೆ. ‘ಬೆಂಕಿ’ ಎಂಬಲ್ಲಿ ‘ತುರ್ತು ಸಂದರ್ಭ’ ಬಂತು. ಒಂದು ವಾಕ್ಯವನ್ನು ಊಟ ಬಿಟ್ಟು ಕೂತು ತಿದ್ದಿದ್ದೇನೆ. ಆ ಎಲ್ಲ ಪರಿಷ್ಕರಣೆಗಳ ನಂತರ ಪತ್ರ ಹೀಗಾಯಿತು, ನನಗೆ ಬಾಯಿಪಾಠ ಇದೆ:

“ಆತ್ಮೀಯರೇ, ತಾವು ಕ್ಷೇಮವೆಂದು ಭಾವಿಸುತ್ತೇನೆ. ಪ್ಯಾಕಿಂಗ್ ಹಾಲಿನ ಎರಡನೇ ಬಾಗಿಲಿನತ್ತ ತಮ್ಮ ಅಮೂಲ್ಯ ಗಮನ ಸೆಳೆಯಲು ಬಯಸುತ್ತೇನೆ. ತಮಗೆ ಅನುಕೂಲವಾದ ಸಮಯದಲ್ಲಿ ಸದರಿ ಬಾಗಿಲು ಬಳಕೆಗೆ ಲಭ್ಯವಾದಲ್ಲಿ, ತುರ್ತು ಸಂದರ್ಭಗಳಲ್ಲಿ ಉಂಟಾಗಬಹುದಾದ ಅನನುಕೂಲವನ್ನು ತಗ್ಗಿಸಬಹುದೆಂದು ವಿನಯಪೂರ್ವಕ ಸೂಚಿಸುತ್ತೇನೆ. ತಮ್ಮ ಸಹಕಾರಕ್ಕೆ ಮುಂಗಡ ಧನ್ಯವಾದಗಳು.”

ಹೇಗಿದೆ? ಎಲ್ಲಿಯಾದರೂ ಚುಚ್ಚುತ್ತದೆಯೇ? ನಮ್ಮ ಕಾರ್ಖಾನೆಯ ದಿಂಬಿನ ಹಾಗೆ, ತಲೆ ಇಟ್ಟರೆ ನಿದ್ದೆ ಬರುತ್ತದೆ. ಮುಂಗಡ ಧನ್ಯವಾದ ಎಂಬುದು ನನ್ನದೇ ಸೇರ್ಪಡೆ. ಮುಂಗಡ ಸಂದಾಯವಾಗಿದೆ, ಸರಕು ಬಂದಿಲ್ಲ. ರವಾನೆ ವಿಭಾಗದವನಾದ್ದರಿಂದ ಇಂಥದ್ದು ನನಗೆ ಬೇಗ ತಿಳಿಯುತ್ತದೆ.

ಈ ಪ್ರತಿಯನ್ನು ನಿರ್ದೇಶಕರಿಗೂ ಸೇರಿಸಿ ಎಲ್ಲರಿಗೂ ಕಳಿಸಿದೆ. ನಿರ್ದೇಶಕರೇ ಸ್ವತಃ ಉತ್ತರಿಸಿದರು: “ಸೊಗಸಾದ ಭಾಷೆ. ಎಲ್ಲರೂ ಇದನ್ನು ಮಾದರಿಯಾಗಿ ಇಟ್ಟುಕೊಳ್ಳಬೇಕು.” ಆಮೇಲೆ ಎರಡು ದಿನ ನನ್ನ ಕಂಪ್ಯೂಟರು ಬಿಡುವಿಲ್ಲದೆ ಟಿಂಗ್ ಟಿಂಗ್ ಅನ್ನುತ್ತಿತ್ತು. ಹೊಲಿಗೆ ವಿಭಾಗದಿಂದ ಅಭಿನಂದನೆ. ಲೆಕ್ಕಪತ್ರ ವಿಭಾಗದಿಂದ ಅಭಿನಂದನೆ. ಕ್ಯಾಂಟೀನಿನಿಂದ ಅಭಿನಂದನೆ. ಭದ್ರತಾ ಮುಖ್ಯಸ್ಥರು “ನಮ್ಮ ಬಾಗಿಲಿಗೆ ಸಂದ ಗೌರವ” ಎಂದು ಬರೆದರು. ಉಗ್ರಾಣದ ಮುಖ್ಯಸ್ಥರು ಮಾತ್ರ ರಜೆಯಲ್ಲಿದ್ದರು.

ಮಾದರಿ ಎಂದ ಮೇಲೆ ತರಬೇತಿ ಬೇಡವೇ? ಮುಖ್ಯ ಅತಿಥಿಗಳು ಬಂದದ್ದು ಆಗ. ಪ್ರೊಜೆಕ್ಟರ್ ಪರದೆಯ ಮೇಲೆ ನನ್ನ ಪತ್ರ ದೊಡ್ಡದಾಗಿ ಮೂಡಿತು. ವಿಷಯದ ಸಾಲು ಚಿಕ್ಕದಾಗಿರಬೇಕು ಅಂದರು, ಬರೆದುಕೊಂಡೆವು. ಒಂದು ಪತ್ರದಲ್ಲಿ ಒಂದೇ ವಿಷಯ ಇರಬೇಕು ಅಂದರು, ಬರೆದುಕೊಂಡೆವು. ಓದಿದವರು ಮುಂದೆ ಏನು ಮಾಡಬೇಕೆಂದು ಕೊನೆಯಲ್ಲಿ ಸ್ಪಷ್ಟವಾಗಿರಬೇಕು ಅಂದರು, ಅದನ್ನೂ ಬರೆದುಕೊಂಡೆವು. ಆಮೇಲೆ ನಮ್ಮನ್ನು ಗುಂಪುಗಳಾಗಿ ಮಾಡಿ, ಈ ಪತ್ರವನ್ನು ಇನ್ನೂ ಉತ್ತಮಪಡಿಸಿ ಅಂದರು. ಒಂದು ಗುಂಪು ‘ತಮ್ಮ ದಿನ ಶುಭವಾಗಿರಲಿ’ ಎಂದು ಸೇರಿಸಿತು. ಇನ್ನೊಂದು ಗುಂಪು ಬಾಗಿಲಿನ ಒಂದು ಚಿತ್ರ ಇರಲಿ ಎಂದಿತು. ಹೋಗಿ ಫೋಟೋ ತೆಗೆದುಕೊಂಡು ಬಂದರು, ಬೀಗ ಬಹಳ ಚೆನ್ನಾಗಿ ಬಂದಿತ್ತು. ಯಾರೋ ಹಿಂದಿನ ಬೆಂಚಿನಿಂದ “ಸಾರ್, ಬಾಗಿಲು ಯಾವಾಗ ತೆಗೀತಾರೆ?” ಅಂತ ಕೇಳಿದರು. “ಒಳ್ಳೆ ಪ್ರಶ್ನೆ. ಆದ್ರೆ ಇವತ್ತಿನ ವಿಷಯ ಬಾಗಿಲಲ್ಲ, ಸಂವಹನ” ಎಂದು ಅತಿಥಿಗಳು ಉತ್ತರಿಸಿದರು. ತಮಗೆ ನೆನಪಿದೆಯಲ್ಲ ಸಾರ್? ಪಾಠ ಮಾಡುವವರು ವಿಷಯ ಬಿಟ್ಟು ಆಚೀಚೆ ಹೋಗಬಾರದು. ನನಗೆ ಆ ಶಿಸ್ತು ಇಲ್ಲ. ಅದಕ್ಕೇ ಈಗ ಸ್ವಲ್ಪ ಆಚೆ ಹೋಗುತ್ತೇನೆ.

ನಮ್ಮ ಮನೆಯವರು ಮೊದಲ ಪಾಳಿ. ನಾನು ಏಳುವ ಹೊತ್ತಿಗೆ ಅವರು ಹೊರಟಿರುತ್ತಾರೆ, ನಾನು ಮನೆಗೆ ಬರುವ ಹೊತ್ತಿಗೆ ಅವರು ಅವರ ಅಮ್ಮನನ್ನು ನೋಡಿಕೊಳ್ಳಲು ಹೋಗಿರುತ್ತಾರೆ. ಹೀಗಾಗಿ ನಮ್ಮ ಸಂಸಾರವೂ ಅರ್ಧ ಇಮೇಲ್‌ನಲ್ಲೇ ನಡೆಯುತ್ತದೆ. ನಾನು ಪದ್ಧತಿ ಬಿಡುವವನಲ್ಲ. ‘ವಿಷಯ: ಹಾಲು ಒಡೆದಿರುವ ಕುರಿತು’ ಎಂದು ಬರೆಯುತ್ತೇನೆ. ಅವರು ‘ಹೂಂ’ ಎಂದು ಉತ್ತರಿಸುತ್ತಾರೆ. ಒಂದು ಭಾನುವಾರ ಎದುರೆದುರು ಕೂತಿದ್ದಾಗ ಕೇಳಿದರು, “ಏನ್ರೀ, ನನ್ನ ಹತ್ರ ಮಾತಾಡೋಕೂ ನಿಮಗೆ ವಿಷಯದ ಸಾಲು ಬೇಕಾ?” ತಮಾಷೆಗೆ ಕೇಳಿದರು ಅಂತಲೇ ಅಂದುಕೊಂಡಿದ್ದೇನೆ.

ನಿರ್ದೇಶಕರ ಮೆಚ್ಚುಗೆ ಬಂದ ದಿನ ಅದನ್ನು ನಮ್ಮ ಮನೆಯವರಿಗೂ ಕಳಿಸಿದೆ. ‘ಬಾಗಿಲು ತೆಗೆದ್ರಾ?’ ಎಂದು ಉತ್ತರ ಬಂತು. ತರಬೇತಿಯ ಫೋಟೋ ಕಳಿಸಿದೆ. ‘ಬಾಗಿಲು?’ ಎಂದು ಬಂತು. ಪತ್ರಕ್ಕೆ ಕಟ್ಟು ಹಾಕಿಸುತ್ತಾರಂತೆ ಎಂದು ಬರೆದೆ. ಅದಕ್ಕೆ ಉತ್ತರ ಬರಲಿಲ್ಲ. ಮನೆಗೆ ಹೋದಾಗ ಅಂದು ಅವರು ಅಮ್ಮನ ಮನೆಗೆ ಹೋಗದೆ ಅಡುಗೆಮನೆಯಲ್ಲಿ ಕೂತಿದ್ದರು. ಒಲೆ ಹಚ್ಚಿರಲಿಲ್ಲ.

“ಹೊಗೆ ಬಂದ ದಿನ ಏನಾಯ್ತು ಅಂತ ನೀವು ನನ್ನ ಕೇಳಲೇ ಇಲ್ಲ” ಅಂದರು.

“ಕೇಳಿದ್ನಲ್ಲ. ಏನೂ ಆಗ್ಲಿಲ್ಲ ಅಂತ ನೀನೇ ಅಂದೆ.”

“ನಂಗೇನೂ ಆಗ್ಲಿಲ್ಲ. ನನ್ನ ಮೇಜು ಹಿಂದಿನ ಬಾಗಿಲ ಪಕ್ಕದಲ್ಲೇ ಇರೋದು. ಮೊದಲು ಅದಕ್ಕೇ ಹೋಗಿ ಗುದ್ದಿದೆ. ಆಮೇಲೆ ಅಲ್ಲಿಂದ ಮುಂದಿನ ಬಾಗಿಲವರೆಗೂ ಓಡಿದೆ. ಕಣ್ಣು ಕಾಣಿಸ್ತಿರ್ಲಿಲ್ಲ. ಕಾಲ ಕೆಳಗೆ ಏನೋ ಸಿಕ್ತು. ಯಾರದೋ ಚಪ್ಪಲಿ ಅಂದ್ಕೊಂಡು ತುಳ್ಕೊಂಡು ಹೋದೆ.”

ಎದ್ದು ಒಲೆ ಹಚ್ಚುತ್ತ ಹೇಳಿದರು, “ಚಪ್ಪಲಿ ಅಲ್ಲ ರೀ. ಅಕ್ಕನ ಕೈ.”

ಟೇಪ್ ಅಕ್ಕನಿಗೆ ಇದು ಗೊತ್ತು. ಅವರಿಬ್ಬರೂ ಈಗ ಅಕ್ಕಪಕ್ಕದಲ್ಲೇ ಕೂತಿದ್ದಾರೆ. ಅಕ್ಕನ ಎರಡು ಬೆರಳು ಇನ್ನೂ ಮಡಚುವುದಿಲ್ಲ, ಹಾಗಾಗಿ ಟೇಪು ಕತ್ತರಿಸುವುದನ್ನು ನಮ್ಮ ಮನೆಯವರು ಮಾಡಿಕೊಡುತ್ತಾರೆ. ಇದನ್ನು ಇಲ್ಲಿ ಹೇಳಬೇಕೆಂದು ಬರೆದುಕೊಂಡು ಬಂದಿರಲಿಲ್ಲ. ಕೈಯಲ್ಲಿರುವ ಹಾಳೆಯಲ್ಲಿ ಮುಂದಿನ ಸಾಲು ‘ಉತ್ತಮ ಇಮೇಲ್‌ಗೆ ಐದು ಸೂತ್ರಗಳು’ ಎಂದಿದೆ. ಸೂತ್ರಗಳನ್ನು ಬಿಟ್ಟುಬಿಡುತ್ತೇನೆ, ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ.

ಕಟ್ಟು ಹಾಕಿಸಿದ ಪ್ರತಿ ಎಲ್ಲಿದೆ ಎಂದು ಕೆಲವರು ಕೇಳಿದರು. ಹಾಲಿನ ಗೋಡೆಗಳ ತುಂಬ ಸಾಮಾನು. ಮೊಳೆ ಹೊಡೆಯಲು ಖಾಲಿ ಜಾಗ ಇದ್ದದ್ದು ಒಂದೇ, ಹಿಂದಿನ ಬಾಗಿಲು. ಅದು ಹೇಗೂ ತೆರೆಯುವುದಿಲ್ಲವಾದ್ದರಿಂದ ಅಲ್ಲಾಡುವ ಭಯವಿಲ್ಲ ಎಂದು ಅದಕ್ಕೇ ಹೊಡೆದರು. ನನ್ನ ಪತ್ರ ಈಗ ಆ ಬಾಗಿಲ ಮೇಲೆಯೇ ನೇತಾಡುತ್ತಿದೆ. ನಮ್ಮ ಮನೆಯವರು ದಿನವಿಡೀ ಅದರ ಪಕ್ಕದಲ್ಲಿ ನಿಂತು ಚೀಲಕ್ಕೆ ದಿಂಬು ತುಂಬುತ್ತಾರೆ. ಗಂಡನ ಬರಹದ ನೆರಳಿನಲ್ಲಿ ಕೆಲಸ ಮಾಡುವ ಭಾಗ್ಯ ಎಷ್ಟು ಹೆಂಡತಿಯರಿಗೆ ಸಿಗುತ್ತದೆ?

ಇಂದು ಬೆಳಿಗ್ಗೆ ಬಡಗಿಗಳು ಬಂದರು. ಈ ವೇದಿಕೆಯನ್ನು ಆ ಬಾಗಿಲಿಗೆ ಒತ್ತಿಯೇ ಕಟ್ಟಿದರು, ಮೇಲೆ ಪರದೆ ಇಳಿಬಿಟ್ಟರು. ಗಣ್ಯರೇ, ಒಂದು ಮಾತು ತಮ್ಮ ಗಮನಕ್ಕೆ. ಈಗ ಈ ಹಾಲಿನಲ್ಲಿ ತೆರೆಯುವ ಏಕೈಕ ಬಾಗಿಲಿನಿಂದ ಎಲ್ಲರಿಗಿಂತ ದೂರ ಇರುವವರು ವೇದಿಕೆಯ ಮೇಲಿನ ನಾವು. ಏನಾದರೂ ಅನನುಕೂಲವಾದರೆ ಮೊದಲು ಹೊರಗೆ ಹೋಗುವುದು ಕೊನೆಯ ಸಾಲಿನ ಕ್ಯಾಂಟೀನಿನವರು. ಆಮೇಲೆ ಹೊಲಿಗೆಯವರು, ಪ್ಯಾಕಿಂಗಿನವರು, ಲೆಕ್ಕಪತ್ರದವರು. ಕೊನೆಗೆ ನಿರ್ದೇಶಕರು, ಮುಖ್ಯ ಅತಿಥಿಗಳು, ಮೇಡಂ, ನಾನು. ಇದು ಯಾರ ನಿಯಮವೂ ಅಲ್ಲ, ಹಾಲ್ ಇರುವುದೇ ಹೀಗೆ. ಈಗ ನಾಲ್ಕು ಜನ ಪರದೆಯ ಕಡೆ ತಿರುಗಿ ನೋಡಿದಿರಿ. ಇಷ್ಟು ದಿನದಲ್ಲಿ ನಿಮ್ಮಲ್ಲಿ ಯಾರಾದರೂ ಆ ಬಾಗಿಲ ಕಡೆ ಕತ್ತು ತಿರುಗಿಸಿದ್ದನ್ನು ನಾನು ನೋಡಿದ್ದು ಇದೇ ಮೊದಲು. ಇದಕ್ಕಿಂತ ಪರಿಣಾಮಕಾರಿಯಾದ ಸಂವಹನ ನನಗೆ ಗೊತ್ತಿಲ್ಲ.

ವೇದಿಕೆ ಕಟ್ಟುವುದನ್ನು ಪ್ಯಾಕಿಂಗಿನವರು ನಿಂತು ನೋಡುತ್ತಿದ್ದರು. ಊಟದ ಬಿಡುವಿನಲ್ಲಿ ನಮ್ಮ ಮನೆಯವರು ಡಬ್ಬಿ ಹಿಡಿದುಕೊಂಡು ನಾನಿದ್ದಲ್ಲಿಗೆ ಬಂದರು. ಬೀಗ ಇದೆ ಅಂದರು. ಆಮೇಲೆ, “ನಾಳೆಯಿಂದ ನಾವ್ಯಾರೂ ಒಳಗೆ ಹೋಗಲ್ಲ. ಎಲ್ಲರೂ ಮಾತಾಡ್ಕೊಂಡಾಗಿದೆ” ಅಂದರು.

“ಕೆಲಸ ಹೋದ್ರೆ?” ಅಂದೆ.

“ಅದನ್ನೂ ಮಾತಾಡ್ಕೊಂಡಿದ್ದೀವಿ.”

“ಹಾಗಾದ್ರೆ ಆಡಳಿತಕ್ಕೆ ಒಂದು ಪತ್ರ ಬರೆದು ತಿಳಿಸೋಣ. ನಾನೇ ಬರೆದುಕೊಡ್ತೀನಿ, ಚೆನ್ನಾಗಿ.”

“ಬೇಡಪ್ಪಾ ಬೇಡ” ಎಂದು ಟೇಪ್ ಅಕ್ಕ ಹಿಂದಿನಿಂದ ಕೈ ಮುಗಿದರು. “ನೀವು ಬರೆದ್ರೆ ಅದಕ್ಕೂ ಬಹುಮಾನ ಕೊಟ್ಟು ಕೂರಿಸ್ತಾರೆ.”

ಎಲ್ಲರೂ ನಕ್ಕರು. ನಾನೂ ನಕ್ಕೆ. ನಮ್ಮ ಮನೆಯವರು ನಗಲಿಲ್ಲ. “ಸಂಜೆ ಮೈಕು ಕೊಡ್ತಾರಲ್ಲ ನಿಮಗೆ, ಬಾಯಲ್ಲಿ ಹೇಳಿ. ಹಸಿರು ಗುರುತು ಹಾಕೋಕಾಗಲ್ಲ” ಅಂದರು.

ಆದ್ದರಿಂದ ಬಾಯಲ್ಲಿ ಹೇಳುತ್ತಿದ್ದೇನೆ. ತರಬೇತಿಯಲ್ಲಿ ಕಲಿತಂತೆ, ವಿಷಯ ಒಂದೇ.

ನನಗೆ ಈ ಗೌರವ ಕೊಟ್ಟ ನಿರ್ದೇಶಕರಿಗೆ, ಭಾಷೆ ತಿದ್ದಿದ ಮೇಡಂ ಅವರಿಗೆ, ಕಲಿಸಿದ ಅತಿಥಿಗಳಿಗೆ, ಗಮನಿಸಿದ ಆಡಳಿತಾಧಿಕಾರಿಗಳಿಗೆ, ಕಡಲೆಕಾಯಿ ಕೊಟ್ಟ ಉಗ್ರಾಣದ ಮುಖ್ಯಸ್ಥರಿಗೆ, ಬೀಗವನ್ನು ಕಾಪಾಡಿದ ಭದ್ರತಾ ಮುಖ್ಯಸ್ಥರಿಗೆ ಕೃತಜ್ಞತೆಗಳು. ಇಷ್ಟು ಹೊತ್ತು ಕೇಳಿದ ನಿಮಗೆಲ್ಲರಿಗೂ ನಮಸ್ಕಾರ.

ಮೊದಲ ಪಾಳಿ ನಾಳೆ ಬೆಳಿಗ್ಗೆ ಎಂಟಕ್ಕೆ. ಪ್ಯಾಕಿಂಗ್ ವಿಭಾಗದವರು ಹೊರಗೆ ಅಂಗಳದಲ್ಲಿ ಕೂತಿರುತ್ತಾರೆ, ಹಿಂದಿನ ಬಾಗಿಲು ತೆರೆದ ಮೇಲೆ ಒಳಗೆ ಬರುತ್ತಾರೆ. ಪ್ಯಾಕ್ ಆಗದಿದ್ದರೆ ರವಾನೆಗೆ ಏನೂ ಇರುವುದಿಲ್ಲ, ಹಾಗಾಗಿ ನಾನೂ ಅಲ್ಲೇ ಇರುತ್ತೇನೆ.